ಎಡಗಡೆ ಹಿಂದಿನ ಗಾಲಿ

ಕೌಲ್ ಬಜಾರಿನ ಮಹಡಿಯ ಕೋಣೆ.
ಕೆಳಗೆ ಜೀನ್ಸ್ ಹೊಲಿಯುವ ಮಷೀನುಗಳು
ನನ್ನ ನೆಲವನ್ನು ನಡುಗಿಸುತ್ತಿದ್ದವು.
ಇಪ್ಪತ್ತೊಂದು ವರ್ಷ ಆ ನಡುಕದ ಮೇಲೆ ಕೂತು ಆಡಿದೆ.

ಮಾಲೀಕ ಬೋರ್ಡು ಓದಿ ಕೇಳಿದ್ದ:
"ಆಟಕ್ಕೂ ಫೀಸ್ ಏನ್ರಿ ಮೇಡಂ?"
"ಹೂನ್ರಿ, ನಿಮ್ಮ ಬಾಡಿಗೀನೂ ಅದರಾಗ ಬರ್ತೈತ್ರಿ."
ನಕ್ಕ. ಮುಂಗಡ ಮಾತ್ರ ಬಿಡಲಿಲ್ಲ.

ಹೊಸದರಲ್ಲಿ ನಾನು ಬಹಳ ಕಲಿತವಳು.
ಮರಳ ತಟ್ಟೆಯಲ್ಲಿ ಹಾವಿಟ್ಟರೆ ಭಯ,
ಬೇಲಿ ಇಟ್ಟರೆ ಮತ್ತೇನೋ,
ಪುಸ್ತಕದ ಅಂಚಿಗೆಲ್ಲ ಪೆನ್ಸಿಲ್ ಗುರುತು.
ಒಬ್ಬಳು ತಾನು ಬರೆದ ಮನುಷ್ಯರಿಗೆಲ್ಲ
ನೀಲಿ ಕೈ ಬರೆಯುತ್ತಿದ್ದಳು.
ಮೂರು ಪುಟ ತುಂಬಿಸಿದೆ: ಚಳಿ, ಸ್ಪರ್ಶದ ಕೊರತೆ, ಇತ್ಯಾದಿ.
ಒಂದು ಸಂಜೆ ಅವಳವ್ವ ಬಂದಳು
ಬಣ್ಣದ ಘಟಕದಿಂದ ನೇರ,
ಮೊಣಕೈತನಕ ನೀಲಿ.
ಮೂರೂ ಪುಟ ಹರಿದು ದೋಣಿ ಮಾಡಿದೆವು.

ಶೇಕ್ಷಾವಲಿಗೆ ಆಗ ಏಳು.
ಅಪ್ಪ ಸಂಡೂರಿನ ಅದಿರು ಲಾರಿಯ ಡ್ರೈವರ್.
ಒಂದು ರಾತ್ರಿ ಇವನೂ ಲಾರಿಯಲ್ಲಿದ್ದ.
ನನಗೆ ಗೊತ್ತಿದ್ದದ್ದು ಅಷ್ಟೇ,
ಮಿಕ್ಕದ್ದು ಅವನ ಬಾಯೊಳಗೆ.
ಐದು ತಿಂಗಳು, ಪ್ರತಿ ಗುರುವಾರ,
ತಗಡಿನ ಲಾರಿಯನ್ನು ಮರಳಲ್ಲಿ ಹೂತು
ಅಂಗೈಯಿಂದ ಸವರಿ, ಸಪಾಟು ಮಾಡಿ,
ಕೈ ಕೊಡವಿ ಹೊರಡುತ್ತಿದ್ದ.
ನಾನು ಅಗೆಯಲಿಲ್ಲ. ಅಗೆಯಬೇಕೆನಿಸುತ್ತಿತ್ತು.
ಬೇರೆ ಮಕ್ಕಳಿಗೆ ಬೇರೆ ತಟ್ಟೆ ಕೊಟ್ಟು
ಇದನ್ನು ಹಾಗೇ ಇಡುತ್ತಿದ್ದೆ,
ಒದ್ದೆ ಬಟ್ಟೆ ಮುಚ್ಚಿ, ನಾದಿಟ್ಟ ಕಣಕದಂತೆ.

ಅವನಜ್ಜಿ ಮೆಟ್ಟಿಲ ಮೇಲೆ ಕೂತು ಕೇಳುವಳು:
"ಏನಾರ ಅಂದನೇನಮ್ಮ?"
"ಇಲ್ಲ."
"ಮತ್ತ ನೀ ಏನು ಮಾಡ್ತಿ?"
"ಪಕ್ಕದಾಗ ಕುಂದ್ರತೀನಿ."
ತುಸು ಹೊತ್ತು ಸುಮ್ಮನಿದ್ದು
"ಸತ್ತ ಮನ್ಯಾಗೂ ಹಂಗೇ ಮಾಡಬೇಕು" ಅಂದಳು.
ಇಷ್ಟು ಚಿಕ್ಕದಾಗಿ ನನಗೆ ಯಾರೂ ಪಾಠ ಹೇಳಿರಲಿಲ್ಲ.

ಏಪ್ರಿಲ್. ಫ್ಯಾನು ಕೆಂಡದ ಗಾಳಿಯನ್ನೇ ಮಗುಚುತ್ತಿತ್ತು.
ಕರೆಂಟು ಹೋಗಿ ಕೆಳಗಿನ ಮಷೀನೆಲ್ಲ ಒಮ್ಮೆಲೇ ನಿಂತವು.
ನೆಲ ಮೊದಲ ಸಲ ಅಲುಗದೆ ಇತ್ತು.
ಅವನೇ ಅಗೆದ. ಲಾರಿ ತೆಗೆದು ಊದಿದ,
ಬೋರಲು ಮಾಡಿ ನೋಡಿದ:
"ಇದರ ಗಾಲಿ ಎಲ್ಲಿ?"

ಎಡಗಡೆ ಹಿಂದಿನದು.
ನಾನು ಅಳಲಿಲ್ಲ; ಅದು ಆಮೇಲೆ, ಬಚ್ಚಲಲ್ಲಿ.
ಇಬ್ಬರೂ ಮೊಣಕಾಲೂರಿ ಹುಡುಕಿದೆವು
ಬೀರುವಿನಡಿ, ಗೊಂಬೆಬುಟ್ಟಿಯಲ್ಲಿ, ಚಾಪೆಯ ಕೆಳಗೆ.
ಸಿಕ್ಕದ್ದು ಜೀನ್ಸಿನ ಒಂದು ಹಿತ್ತಾಳೆ ಗುಂಡಿ.
ಅದನ್ನೇ ದಾರದಿಂದ ಬಿಗಿದ.
ಲಾರಿ ಓಡಿತು, ಕುಂಟುತ್ತ.

ಫೈಲಿನಲ್ಲಿ 'ಪ್ರಗತಿ' ಅಂತ ಒಂದು ಕಾಲಮ್ಮಿರುತ್ತದೆ.
ಬರೆದೆ: ಗಾಲಿ ಕೇಳಿದ.
ಆ ರಾತ್ರಿಯ ಮಾತು ಅವನು ಕೊನೆಗೂ ಆಡಲಿಲ್ಲ.

ಈಗ ನನ್ನ ಮೊಣಕಾಲು ನೆಲಕ್ಕೆ ಒಪ್ಪುವುದಿಲ್ಲ.
ಕೀಲಿ ಕುರುಗೋಡಿನ ಸುಂಕಮ್ಮನ ಕೈಗೆ.
ಅವಳ ಪುಸ್ತಕದ ಅಂಚಿಗೂ ಪೆನ್ಸಿಲ್ ಗುರುತು.
ಸಾಮಾನು ಪಟ್ಟಿ ಮಾಡುತ್ತಾಳೆ: ಲಾರಿ ಒಂದು, ಮುರಿದದ್ದು.
ಇರಲಿ, ಅವಳೇ ಕಂಡುಕೊಳ್ಳಲಿ.
ಇಷ್ಟು ಮಾತ್ರ ಹೇಳಿದೆ:
ಮರಳನ್ನು ವಾರಕ್ಕೊಮ್ಮೆ ಜರಡಿ ಹಿಡಿ,
ಸಿಕ್ಕದ್ದು ಏನೇ ಇರಲಿ, ಎಸೀಬ್ಯಾಡ.