ಬಟಾಣಿ ಗಾತ್ರದ ಮದ್ದು

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ನನ್ನದಕ್ಕೆ ಕನ್ನಡಿಯೂ ಸಾಲದು.
ಬಚ್ಚಲಿಗೆ ಅಗುಳಿ ಹಾಕಿ, ಕ್ಷೌರದ ಕನ್ನಡಿ
ಕಾಲ ಸಂದಿಯಲ್ಲಿ ಹಿಡಿದು ಬಗ್ಗಿದರೆ
ಕಂಡದ್ದು ಐವತ್ತನಾಲ್ಕು ವರ್ಷದ ಒಂದು ಕೆಂಪು ಮುಖ,
ಅದೂ ತಲೆಕೆಳಗಾಗಿ.

ಅಕ್ಕಿಕಾಳಿನಷ್ಟು ಸೀಳು. ಮೂರನೇ ಸಲ ಬಂದಿದೆ.

ಚಿಯಾತುರದಿಂದ ಕುತಾಯಿಸಿಗೆ ದಿನಕ್ಕೆರಡು ಟ್ರಿಪ್ಪು,
ಹದಿನೆಂಟು ಸೀಟಿನ ವ್ಯಾನು.
ದಾರಿಯ ಪ್ರತಿ ಗುಂಡಿಗೂ ನನ್ನ ಕುಂಡೆಯ ಪರಿಚಯವಿದೆ,
ಎಲ್ಲಿ ಎಡಕ್ಕೆ ಎತ್ತಬೇಕು, ಎಲ್ಲಿ ಉಸಿರು ಹಿಡಿಯಬೇಕು.
ಚೀಸಿನ ಬುಟ್ಟಿ ಹೊತ್ತ ಮುದುಕಿ ಕೇಳುತ್ತಾಳೆ:
'ಏನಪ್ಪಾ ನುಗ್ಜಾರ್, ಕುದುರೆ ಸವಾರಿಯೇ?'
ಹೌದಮ್ಮ, ಅನ್ನುತ್ತೇನೆ.

ಬೆಳಗಿನ ಆ ಐದು ನಿಮಿಷ
ಒಡೆದ ಬಾಟಲಿಯ ಚೂರು ಹೆತ್ತಂತೆ.
ನೋವಿಗೆ ಹೆದರಿ ತಡೆದೆ,
ತಡೆದದ್ದು ಕಲ್ಲಾಯಿತು,
ಕಲ್ಲು ಮತ್ತೆ ಸೀಳಿತು.
ಯಾರಿಗೆ ಹೇಳಲಿ? ಸೊಂಟ ನೋವೆಂದೆ.
ಊರೆಲ್ಲ ಸೊಂಟಕ್ಕೆ ಔಷಧ ಹೇಳಿತು.

ಡಾಕ್ಟರ್ ಲಾಮಾರಾ ನಮ್ಮ ಹಳೆಯ ಫೋರ್‌ಮನ್‌ನ ಮೊಮ್ಮಗಳು.
ಗೋಡೆಗೆ ಮುಖ ಮಾಡಿ ಮಲಗಿದವನ ಬೆನ್ನಿಗೆ ಹೇಳಿದಳು:
'ಸ್ನಾಯು ಹೆದರಿ ಮುಷ್ಟಿ ಕಟ್ಟಿದೆ.
ಮುಷ್ಟಿಯೊಳಗೆ ನೆತ್ತರು ಆಡುವುದಿಲ್ಲ,
ನೆತ್ತರಾಡದೆ ಗಾಯ ಮಾಯುವುದಿಲ್ಲ.
ಕತ್ತಿ ಎಲ್ಲೂ ಓಡಿಹೋಗದು, ಇರಲಿ,
ಮೊದಲು ಮುಷ್ಟಿ ಬಿಡಿಸೋಣ.
ಕಳೆದೆರಡು ಸಲ ಏನು ಮಾಡಿದಿರಿ ಮಾಮ?
ನೋವು ಹೋದ ದಿನವೇ ಟ್ಯೂಬು ಎಸೆದಿರಿ.
ನೋವು ಅವಸರದ ನೆಂಟ, ಮೊದಲು ಹೊರಡುತ್ತದೆ.
ಗಾಯ ಹಾಗಲ್ಲ. ಎಂಟು ವಾರ.'

ಚೀಟಿ ಓದಿ ನಕ್ಕುಬಿಟ್ಟೆ. ನೈಟ್ರೋಗ್ಲಿಸರಿನ್.
ಇಪ್ಪತ್ತು ವರ್ಷ ಮ್ಯಾಂಗನೀಸ್ ಗಣಿಯಲ್ಲಿ
ಬಂಡೆಗೆ ತೂತು ಕೊರೆದು ಜಡಿದದ್ದು ಇದನ್ನೇ.
ಅಪ್ಪ ಎದೆ ಹಿಡಿದುಕೊಂಡಾಗ
ನಾಲಿಗೆಯಡಿ ಇಟ್ಟದ್ದೂ ಇದನ್ನೇ.
ಎರಡಕ್ಕೂ ಒಂದೇ ಹೆಸರು, ಮದ್ದು.
ಈಗ ಬಟಾಣಿಯಷ್ಟು, ಬೆರಳ ತುದಿಯಲ್ಲಿ,
ಬೆಟ್ಟ ಸೀಳಿದವನ ಸೀಳು ಕೂಡಿಸಲಿಕ್ಕೆ.
ಹಚ್ಚಿದ ಹತ್ತು ನಿಮಿಷಕ್ಕೆ ತಲೆ ಸಿಡಿಯಿತು.
ಗುರುತು ಸಿಕ್ಕಿತು: ಗಣಿಯ ಮೊದಲ ವಾರದ ಅದೇ ತಲೆನೋವು,
ಮುಟ್ಟಿದ ಕೈಯಿಂದ ಹಣೆಗೇರಿದ್ದು.
ಎಷ್ಟು ವರ್ಷವಾಯಿತು ನಿನ್ನನ್ನು ಕಂಡು, ಅಂದೆ.

ತ್ಸಿಯುರಿ ಏನೂ ಕೇಳಲಿಲ್ಲ.
ಸಂತೆಯಿಂದ ಒಂದು ನೀಲಿ ಬೋಗುಣಿ ತಂದು
ಬಚ್ಚಲಲ್ಲಿಟ್ಟಳು, ಬಿಸಿನೀರಿನ ಕೆಟಲ್ ಪಕ್ಕದಲ್ಲೇ.
ಮೊಸರಿಗಲ್ಲ, ಉಪ್ಪಿನಕಾಯಿಗಲ್ಲ ಆ ಬೋಗುಣಿ.
ಚೀಸಿನ ರೊಟ್ಟಿ ಮಾಯವಾಯಿತು. ತಟ್ಟೆಯಲ್ಲಿ
ಬೀಟ್‌ರೂಟು, ಹುರುಳಿಕಾಯಿ, ನೆನೆಸಿದ ಒಣ ಪ್ಲಮ್ಮು.
ರಾತ್ರಿ ನೀರಲ್ಲಿ ಕೂತಿರುತ್ತೇನೆ, ಬಾತುಕೋಳಿಯ ಹಾಗೆ,
ಮುಷ್ಟಿ ಸಡಿಲುವುದು ತಿಳಿಯುತ್ತದೆ,
ಹಟಮಾರಿ ಮಗು ನಿದ್ದೆಗೆ ಜಾರಿದ ಮೇಲೆ
ಕೈಯ ಗೋಲಿ ತಾನೇ ಬೀಳುವಂತೆ.

ಐದನೇ ವಾರ ಅಣ್ಣನ ಮಗ ಎಲ್ಗುಜಾನ ಮದುವೆ.
ಔತಣಕ್ಕೆ ನಾನೇ ತಮಾದಾ, ಹಾರೈಕೆ ಹೇಳುವವನು.
ನಾಲ್ಕು ಗಂಟೆ ಮರದ ಬೆಂಚು!
ಕೂರಲೇ ಇಲ್ಲ. ಸತ್ತವರಿಗೆ ನಿಂತು ಹಾರೈಸಿದೆ,
ಹುಟ್ಟದವರಿಗೂ ನಿಂತೇ.
'ಎಂಥ ಮರ್ಯಾದೆಯ ಮನುಷ್ಯ' ಎಂದರು ಬೀಗರು.
ಕೊಂಬಿನಲ್ಲಿದ್ದದ್ದು ಪೇರಳೆ ಶರಬತ್ತು, ತ್ಸಿಯುರಿಯ ಕೈಚಳಕ.
ಹನ್ನೊಂದನೇ ಹಾರೈಕೆಗೆ ಮಾತು ಖಾಲಿಯಾಗಿ,
'ಮೆತ್ತಗಿರುವ ಎಲ್ಲದಕ್ಕೂ' ಅಂದುಬಿಟ್ಟೆ.
ಮುದುಕರು ಕಣ್ಣೊರೆಸಿಕೊಂಡರು.
ಮದುಮಗ ಹೆಂಡತಿಯ ಕೈ ಹಿಡಿದ.
ತ್ಸಿಯುರಿ ಮಾತ್ರ ತಟ್ಟೆ ನೋಡುತ್ತ
ಭುಜ ಕುಣಿಸಿ ಕುಣಿಸಿ ನಕ್ಕಳು.

ಇದು ಏಳನೇ ವಾರ. ನೋವಿಲ್ಲ.
ಟ್ಯೂಬು ಎಸೆಯುವ ಆಸೆ ದಿನಾ ಬರುತ್ತದೆ.
ಕೊನೆಯವರೆಗೂ ಹಿಂಡಿ, ಬಾಲ ಸುತ್ತಿ ಇಟ್ಟಿದ್ದೇನೆ.
ಮಾದೀತೋ, ನಾಲ್ಕನೇ ಸಲವೂ ಬಂದೀತೋ,
ಲಾಮಾರಾ ಕೂಡ ಆಣೆಯಿಡಲಿಲ್ಲ.

ಬೆಳಿಗ್ಗೆ ಸೇತುವೆಯಾಚೆಯ ದೊಡ್ಡ ಗುಂಡಿ
ಎದುರಾಗಿ, ದಾಟಿ, ಹಿಂದಾಯಿತು.
ಕುಂಡೆ ಎತ್ತುವುದನ್ನೇ ಮರೆತಿದ್ದೆ.