ನಿರಂತರತೆಯ ಊಹೆ

ಬೋರ್ಡಿನ ಮೇಲೆ ಬರೆದಿದ್ದೇನೆ:
ಸಂಸ್ಥೆ ಸದ್ಯಕ್ಕೆ ಮುಚ್ಚುವುದಿಲ್ಲ
ಎಂದು ನಂಬಿಕೊಂಡೇ ಲೆಕ್ಕ ಬರೆಯಬೇಕು.
ಪರೀಕ್ಷೆಗೆ ಹದಿನಾರು ದಿನ, ರಿವಿಷನ್,
ಎರಡನೇ ಅಧ್ಯಾಯ, ಐದು ಅಂಕ, ಬಂದೇ ಬರುತ್ತದೆ.

ಮೂವತ್ತೈದು ತಲೆ ಬಗ್ಗಿ ಬರೆದುಕೊಳ್ಳುತ್ತವೆ.
ಕಿಟಕಿಯಾಚೆ ರೀಲಿಂಗ್ ಶೆಡ್ಡಿನ ಹಬೆ,
ಬೆಂದ ಹುಳುವಿನ ವಾಸನೆ.
ಶಿಡ್ಲಘಟ್ಟದಲ್ಲಿ ಮೂಗು ಮುಚ್ಚುವವನು ಹೊರಗಿನವನು;
ಹದಿನಾಲ್ಕು ವರ್ಷದ ಹಿಂದೆ ನಾನೂ ಮುಚ್ಚಿದ್ದೆ.

ಆಗ ಮೊದಲ ವರ್ಷಕ್ಕೇ ನೂರ ಹನ್ನೆರಡು ಅಡ್ಮಿಷನ್ನು.
ಆಮೇಲೆ ತೊಂಬತ್ತು, ಆಮೇಲೆ ಅರವತ್ತಮೂರು.
ಬೈಪಾಸಿನ ಹತ್ತಿರ ಸರ್ಕಾರಿ ಕಾಲೇಜಿಗೆ
ಹೊಸ ಕಟ್ಟಡ ಬಂತು, ಹುಡುಗಿಯರಿಗೆ ಫೀಸು ಮಾಫಿ.
ಬೈಯಲು ನನಗೆ ಬಾಯಿ ಬರುವುದಿಲ್ಲ,
ನನ್ನ ಮಗಳೂ ಅಲ್ಲೇ ಓದುತ್ತಾಳೆ.

ಸಂಜೆ ಕೆಳಗಿನ ಕೋಣೆಯಲ್ಲಿ
ಟ್ರಸ್ಟಿನ ಪುಸ್ತಕವನ್ನೂ ನಾನೇ ಬರೆಯುತ್ತೇನೆ;
ಗುಮಾಸ್ತ ಗಂಗಿರೆಡ್ಡಿ ದೀಪಾವಳಿಗೆ ಹೋದವನು
ಫೋನು ಎತ್ತುತ್ತಿಲ್ಲ.
ಫೀಸು ಬರುವುದು ಕಂತುಕಂತಾಗಿ:
ಐನೂರು, ಇನ್ನೂರು, ಒಮ್ಮೆ ಎಂಬತ್ತು,
ಒದ್ದೆ ಬೆರಳು ಎಣಿಸಿದ ನೋಟು.
ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಏರಿದರೆ
ರೀಲರು ಒಲೆ ಆರಿಸುತ್ತಾರೆ, ಕೂಲಿ ನಿಲ್ಲುತ್ತದೆ;
ಇಳಿದರೆ ಹಿಪ್ಪುನೇರಳೆಯವರ ಮನೆಯಿಂದ ಕಂತು ಬರುವುದಿಲ್ಲ.
ಏರಿದರೂ ಇಳಿದರೂ
ನನ್ನ ರಸೀದಿ ಪುಸ್ತಕ ತುಂಬ ದಿನ ಬಾಳುತ್ತದೆ.

ಸೆಕ್ರೆಟರಿ ಪಿಳ್ಳವೆಂಕಟಪ್ಪ ಕೆಟ್ಟವರಲ್ಲ.
ಚೀಮಂಗಲದ ಸೈಟು ಮಾರಿ ಸಂಯೋಜನೆ ಶುಲ್ಕ ಕಟ್ಟಿದವರು.
ಕಮಿಟಿ ಬಂದ ದಿನ ಚಿಂತಾಮಣಿಯಿಂದ
ಆರುನೂರು ಪುಸ್ತಕ ಟೆಂಪೋದಲ್ಲಿ ತರಿಸಿದ್ದೂ ಅವರೇ,
ಅದೇ ರಾತ್ರಿ ಎಣಿಸಿ ವಾಪಸ್ಸು ತುಂಬುವಾಗ
"ಮೇಷ್ಟ್ರೇ, ಕಪಾಟು ಬೋಳುಬೋಳು ಕಾಣ್ತದೆ" ಅಂದವರೂ ಅವರೇ.
ನನಗೆ ಐದು ತಿಂಗಳ ಸಂಬಳ ಬಾಕಿ.
ಕೊಡುವುದಿಲ್ಲ ಎಂದು ಅವರು ಅಂದಿಲ್ಲ.
ಕೊಡಿ ಎಂದು ಈಚೆಗೆ ನಾನೂ ಅಂದಿಲ್ಲ.

ಬಾಕಿ ಇದ್ದವರಿಗೆ ಹಾಲ್ ಟಿಕೆಟ್ ಇಲ್ಲ,
ನೋಟೀಸು ನನ್ನ ಕೈಬರಹದ್ದೇ.
ಅಫ್ಸಾನಾಳ ತಾಯಿ ಬಂದು ಬಾಗಿಲಲ್ಲಿ ನಿಂತರು,
ಬಿಸಿನೀರಿಗೆ ಬಿಳಿಚಿದ ಬೆರಳು ಬುರ್ಖಾದ ತೋಳೊಳಗೆ.
ನಾಲ್ಕು ಸಾವಿರದ ಇನ್ನೂರು.
ಏನೂ ಕೇಳಲಿಲ್ಲ. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಅವರು ಹೋದ ಮೇಲೆ ಒಂದು ಜರ್ನಲ್ ನಮೂದು ಬರೆದೆ:
ಕೊಡಬೇಕಾದ ಸಂಬಳ, ಡೆಬಿಟ್.
ಬರಬೇಕಾದ ಫೀಸು, ಕ್ರೆಡಿಟ್.
ನನಗೆ ಬಾರದ ದುಡ್ಡಿನಿಂದ
ಅವರಿಗೆ ಕೊಡಲಾಗದ ದುಡ್ಡು ತೀರಿತು.
ಒಂದು ರೂಪಾಯಿ ಅಲುಗಲಿಲ್ಲ, ಎರಡೂ ಕಡೆ ತಾಳೆ.
ಆಡಿಟರು ನೋಡಿದರೆ ಕನ್ನಡಕ ತೆಗೆದಾರು;
ಇಷ್ಟು ಚೊಕ್ಕ ಲೆಕ್ಕ ನಾನು ಈವರೆಗೆ ಬರೆದಿಲ್ಲ.

"ಸರ್," ಎಂದ ಈಗ ಹಿಂದಿನ ಬೆಂಚಿನ ದ್ಯಾವರಾಜ,
"ಮುಚ್ಚುತ್ತೆ ಅಂತ ಗೊತ್ತಿದ್ರೆ? ಆಗ ಹೆಂಗೆ ಬರೀಬೇಕು?"
ಆಗ ಕೊಂಡ ಬೆಲೆಗೆ ಅರ್ಥವಿಲ್ಲಪ್ಪ,
ಮಾರಿದರೆ ಎಷ್ಟೋ ಅಷ್ಟು.
ಬೆಂಚಿಗೆ ಸೌದೆ ಬೆಲೆ, ಫ್ಯಾನಿಗೆ ಗುಜರಿ ಬೆಲೆ.
ಅವನು ಫ್ಯಾನು ನೋಡಿದ. ಎಲ್ಲರೂ ನೋಡಿದರು.
ತಿರುಗುತ್ತಿತ್ತು. ಕರೆಂಟು ಬಿಲ್ಲು ಕಟ್ಟಿದ್ದೇವೆ.

"ಅದೂ ಬರೆದುಕೊಳ್ಳಬೇಕಾ ಸರ್?" ಅಫ್ಸಾನಾ, ಪೆನ್ನು ಎತ್ತಿ.
ಬೇಡ, ಅದು ಸಿಲಬಸ್ಸಿನಲ್ಲಿಲ್ಲ.
ನಾಳೆ ಮೂರನೇ ಅಧ್ಯಾಯ, ಸವಕಳಿ.
ಗೆರೆ ಎಳೆಯಲು ಸ್ಕೇಲು ತನ್ನಿ.