ಇನ್ನೂರ ಹದಿನಾಲ್ಕು

ಬರ್ನೋ ಊರಿನ ನವೆಂಬರಿಗೆ ನಾಲ್ಕೂವರೆಗೇ ಕತ್ತಲು.
ಕೆಳಗೆ ತಿರುವಿನಲ್ಲಿ ಟ್ರಾಮು ಕಿರ್ರೆನ್ನುವಾಗ
ನನ್ನ ಪರದೆಯ ಮೇಲೆ ಅದೇ ಸಾಲು, ಹದಿನೇಳನೆಯ ಸಲ:
ಬೀಗ ಬಿಡಲು ಹೋದವನು ಅಲ್ಲೇ ಕುಸಿದ.

ತ್ರೆಬೀಚಿನ ಒಂದು ಆಸ್ಪತ್ರೆಯ ಯಂತ್ರ.
ವಾರಕ್ಕೊಮ್ಮೆ, ಹೆಚ್ಚಾಗಿ ಶುಕ್ರವಾರ ರಾತ್ರಿ,
ಡಿಸ್ಕನ್ನು ಕಳಚುವ ಹೊತ್ತಿಗೆ ಸರಿಯಾಗಿ
ಉಸಿರು ಕಟ್ಟುತ್ತದೆ.
ಪಾಳಿಯ ಹುಡುಗ ರಾದೋವಾನ್ ಫೋನಿನಲ್ಲಿ ಹೇಳುತ್ತಾನೆ:
"ಮುದುಕನೊಬ್ಬನ ಮೊಣಕಾಲು ಅರ್ಧಕ್ಕೇ ನಿಂತಿದೆ,
ಉಳಿದರ್ಧ ಎಲ್ಲಿ ಅಂತ ಡಾಕ್ಟರು ಕೇಳ್ತಿದಾರೆ."

ಒಂಬತ್ತು ವರ್ಷದ ಹಿಂದೆ ನಾನೇ ಬರೆದದ್ದು.
ಎಷ್ಟು ಚಿಕ್ಕ ಬೀಗ, ಎಷ್ಟು ಚುರುಕು ಎಂದು ಆಗ ಬೀಗಿದ್ದೆ.
ಕಡತದ ಜಾತಕ ಹೊತ್ತ ಪುಟ್ಟ ಪೆಟ್ಟಿಗೆ;
ಅದನ್ನು ಕಾಯುವ ಬೀಗವನ್ನೂ ಅದರ ಹೊಟ್ಟೆಯೊಳಗೇ ಇಟ್ಟೆ.
ಪೆಟ್ಟಿಗೆಗೆ ಎಷ್ಟು ಆಯಸ್ಸೋ ಬೀಗಕ್ಕೂ ಅಷ್ಟೇ.
ಬೀಗ ಹಿಡಿದ ಕೈಯ ಆಯಸ್ಸನ್ನು
ಲೆಕ್ಕ ಹಾಕಿದವರು ಯಾರು?

ಗುರುವಾರ ಈಜಲು ಹೋದೆ.
ಬೇಸಿಗೆಯಿಡೀ ದುರಸ್ತಿಯಲ್ಲಿದ್ದ ಕೊಳ,
ಸುಣ್ಣದ ವಾಸನೆ, ಕ್ಲೋರಿನ್ನಿನ ವಾಸನೆ, ಹೊಸ ಟೈಲು.
ಚೀಲದ ತಳದಲ್ಲಿ ರಬ್ಬರು ಪಟ್ಟಿಯ ಹಳೇ ಕೀಲಿ
ಏಪ್ರಿಲಿನಲ್ಲಿ ಮರೆತು ಮಣಿಕಟ್ಟಿನಲ್ಲೇ ಮನೆಗೆ ತಂದದ್ದು.
ಇನ್ನೂರ ಹದಿನಾಲ್ಕು.
ತಲೆ ಇನ್ನೂ ತ್ರೆಬೀಚಿನಲ್ಲಿತ್ತು; ಕೈ ತಾನಾಗಿ ಹೋಗಿ
ಅದೇ ನಂಬರಿಗೆ ಅದನ್ನೇ ತೂರಿಸಿತು.
ಕಪಾಟು ಹೊಸದು. ಬೀಗದ ಗುಂಡಿಗೆ ಮಾತ್ರ ಹಳೆಯದು.
ಟಕ್ಕೆಂದು ತೆರೆಯಿತು.

ಒಳಗೆ ಯಾರದೋ ಮಗುವಿನ ಬೂಟು,
ಕೆಂಪು ಉಣ್ಣೆ ಟೋಪಿ,
ಅರ್ಧ ಕಚ್ಚಿಟ್ಟ ಬನ್ನು.

ಬರಿಗಾಲಲ್ಲಿ ನಿಂತುಬಿಟ್ಟೆ.
ಕೀಲಿ ಸುಳ್ಳಲ್ಲ, ನಂಬರು ಸುಳ್ಳಲ್ಲ,
ಮನೆ ಮಾತ್ರ ಅದಲ್ಲ.

ಹೀಗೆ ಆಗಿರಬೇಕು:
ಒಬ್ಬ ಬೀಗ ತೆಗೆದಿದ್ದಾನೆ, ಬೆರಳಿನ್ನೂ ಚಿಲಕದ ಮೇಲಿದೆ.
ಹೊರಗೆ ಕಾದವನು ನುಗ್ಗಿ, ಕೊನೆಯ ಸಾಮಾನೆತ್ತಿ,
ಎಣಿಕೆ ಸೊನ್ನೆಯಾಯಿತೆಂದು
ಗೋಡೆಸಮೇತ ಕೆಡವಿ ನೆಲ ಒಪ್ಪಿಸಿದ್ದಾನೆ.
ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಇನ್ನೊಬ್ಬರ ಸಂಸಾರ.
ಆ ಬೆರಳು ಈಗ ಯಾರ ಚಿಲಕದ ಮೇಲೆ?

ಹಿಡಿಯುವುದಕ್ಕೆ ಮುಟ್ಟಬೇಕೆಂದು ಎಲ್ಲರಿಗೂ ಗೊತ್ತು.
ಬಿಡುವುದಕ್ಕೂ ಮುಟ್ಟಬೇಕು.
ಇಷ್ಟನ್ನು ನಾನು ಮರೆತಿದ್ದೆ, ಒಂಬತ್ತು ವರ್ಷ.

ಅಂದು ಈಜಲಿಲ್ಲ. ಕಪಾಟು ಮುಚ್ಚಿ ಮನೆಗೆ ಬಂದೆ,
ಒಣಗಿದ ಟವೆಲ್ಲು ಒಣಗಿದ್ದ ಹಾಗೇ.
ಆರು ಸಾಲು: ಬೀಗ ಮುಟ್ಟುವ ಮೊದಲು ಎಣಿಕೆಗೆ ಒಂದು ಸೇರಿಸು,
ಕೈ ಪೂರ್ತಿ ಹೊರಗೆಳೆದ ಮೇಲೆ ಒಂದು ಕಳೆ;
ಸೊನ್ನೆ ಮುಟ್ಟಿಸಿದವನೇ ಕೆಡವಲಿ,
ಅವಸರದವನಲ್ಲ.
ಓಸ್ಲೋದಿಂದ ತೋರ್ಗೈರ್ ಬರೆದ, ಅವನದು ಯಾವಾಗಲೂ ಇದೇ ತಕರಾರು:
"ನೂರಕ್ಕೆ ಎರಡು ಪಾಲು ನಿಧಾನವಾಯಿತಲ್ಲ, ದ್ರಾಹೊಮೀರಾ."
ಆಯಿತು, ಎಂದೆ.
ಎರಡು ಶುಕ್ರವಾರ ಕಳೆದವು. ರಾದೋವಾನ್ ಫೋನು ಮಾಡಲಿಲ್ಲ.
ಮೂರನೆಯದಕ್ಕೆ ನಾನೇ ಮಾಡಿದೆ.
"ಇಲ್ಲಿ ಹಿಮ ಬೀಳ್ತಿದೆ," ಎಂದ. ಬೇರೇನೂ ಹೇಳಲಿಲ್ಲ.

ಮರುದಿನ ಕೀಲಿ ಒಪ್ಪಿಸಲು ಹೋದೆ.
ಕೌಂಟರಿನ ಹೆಡ್ವಿಕಾ ಮೂಗಿನ ತುದಿಗೆ ಕನ್ನಡಕವಿಳಿಸಿ
ಕಂಪ್ಯೂಟರು ನೋಡಿದಳು:
"ಹಳೇ ಕೀಲಿಗಳೆಲ್ಲ ವಾಪಸು ಬಂದಿವೆ ಅಂತಿದೆಯಲ್ಲ."
ಅಂಗೈ ಬಿಚ್ಚಿ ತೋರಿಸಿದೆ.
ಅವಳು ಪರದೆಯನ್ನೊಮ್ಮೆ ನೋಡಿದಳು, ಕೀಲಿಯನ್ನೊಮ್ಮೆ,
ಆಮೇಲೆ ಮೇಜಿನಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದು
ಮುಚ್ಚಳ ತೆಗೆದಳು.

ಒಳಗೆ, ರಬ್ಬರು ಪಟ್ಟಿಗಳು ಒಂದಕ್ಕೊಂದು ತೊಡರಿ,
ಆಗಲೇ ಏಳೆಂಟು ಇದ್ದವು.